ಬೋಟಲ್ಲಿ ಜನರೇಟರ್ ಓಡ್ತಿದೆ, ಕರೆಂಟ್ ಮಾತ್ರ ಸರಿ ಇಲ್ಲ: ಎಲ್ಲಿಂದ ಹುಡುಕೋಕೆ ಶುರು ಮಾಡ್ಬೇಕು

ಗಂಗೊಳ್ಳಿ, ಮಲ್ಪೆ ಕಡೆ ಬೋಟುಗಳ ವೈರಿಂಗ್ ಕೆಲ್ಸ ಮಾಡ್ಕೊಂಡು ಬಂದವ ನಾನು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ಬಂದ್, ಬೋಟು ದಡದಲ್ಲಿ, ಜನರೇಟರ್ ಎಲ್ಲೋ ಶೆಡ್ಡಿನ ಮೂಲೇಲಿ ಗೋಣಿಚೀಲ ಹೊದ್ಕೊಂಡು ಕೂತಿರತ್ತೆ, ಆಗಸ್ಟ್ ಬರ್ತಿದ್ದಂಗೆ ಅದನ್ನ ಎತ್ಕೊಂಡು ಬಂದು ಬೋಟಿಗೆ ಹಾಕ್ತಾರೆ, ಆಮೇಲೆ ನನ್ನ ಫೋನ್ ಹೊಡ್ಕೊಳ್ಳೋಕೆ ಶುರು. "ಅಣ್ಣ, ಸ್ಟಾರ್ಟ್ ಆಗತ್ತೆ, ಕರೆಂಟಿಲ್ಲ", "ಅಣ್ಣ, ಚಾರ್ಜರ್ ಹಾಕಿದ್ರೆ ಆಫ್ ಆಗತ್ತೆ", "ಅಣ್ಣ, ದಕ್ಕೇಲಿ ಸರಿ ಇತ್ತು, ಅಳಿವೆ ದಾಟಿದ್ಮೇಲೆ ನಿಂತೋಯ್ತು" (ದಕ್ಕೆ ಅಂದ್ರೆ ಬೋಟು ಕಟ್ಟೋ ಜಾಗ, ಅಳಿವೆ ಅಂದ್ರೆ ನದಿ ಕಡಲಿಗೆ ಸೇರೋ ಬಾಯಿ). ಹೆಚ್ಚಿನ ಸಲ ನಾನು ಹೋಗೋದ್ರೊಳಗೆ ಜನರೇಟರ್ ಬಿಚ್ಚಿ ಹಾಕಿರ್ತಾರೆ, ಕಾರ್ಬೊರೇಟರ್ ಒಂದು ಕಡೆ, ಕವರ್ ಒಂದು ಕಡೆ. ಪ್ರಾಬ್ಲಮ್ ನೋಡಿದ್ರೆ ಪ್ಲಗ್ಗಲ್ಲೋ ಕೇಬಲ್ಲಲ್ಲೋ ಇರತ್ತೆ. ಅದಕ್ಕೇ ಇದನ್ನ ಬರೀತಿದ್ದೀನಿ, ಸ್ಪ್ಯಾನರ್ ಹಿಡಿಯೋಕೆ ಮುಂಚೆ ಮೀಟರ್ ಹಿಡೀರಿ ಅಂತ ಹೇಳೋಕೆ.

ಇಲ್ಲಿ ನಾನು ಮಾತಾಡ್ತಿರೋದು ಕೈಯಲ್ಲಿ ಎತ್ಕೊಂಡು ಹೋಗೋ 1ರಿಂದ 3 ಕೆವಿಎ ಪೆಟ್ರೋಲ್ ಜನರೇಟರ್ ಬಗ್ಗೆ. ಬ್ಯಾಟ್ರಿ ಚಾರ್ಜ್ ಮಾಡೋಕೆ, ಕ್ಯಾಬಿನ್ ಲೈಟಿಗೆ, ಡ್ರಿಲ್ಲು ಗ್ರೈಂಡರ್ ಓಡ್ಸೋಕೆ, ಬೋಟಿನ ಇಂಜಿನ್ನಿನ ಡೈನಮೋ ಕೈಕೊಟ್ಟಾಗ ವೈರ್‌ಲೆಸ್ಸು ಜಿಪಿಎಸ್ಸು ಉಳಿಸ್ಕೊಳ್ಳೋಕೆ ಇಟ್ಕೊಳ್ಳೋದು. ಮೀನನ್ನ ಸೆಳೆಯೋಕೆ ಸಾಲಾಗಿ ಎಲ್‌ಇಡಿ ಲೈಟ್ ಕಟ್ಟೋ ವಿಷ್ಯ ಇದಲ್ಲ, ಅದನ್ನ ಕೇಂದ್ರ ಸರ್ಕಾರ 2017ರ ನವೆಂಬರಲ್ಲೇ ನಿಷೇಧ ಮಾಡಿದೆ, ಅದಕ್ಕೆ ವೈರಿಂಗ್ ಕೇಳ್ಕೊಂಡು ಬಂದ್ರೆ ನಾನು ಮಾಡ್ಕೊಡಲ್ಲ.

ಎಲ್ಲಕ್ಕಿಂತ ಮೊದ್ಲು, ಮಷಿನ್ ಎಲ್ಲಿಟ್ಟಿದ್ದೀರಿ?

ಕರೆಂಟ್ ಹೋದ್ರೆ ಹೋಗ್ಲಿ, ಇದನ್ನ ಮಾತ್ರ ಬಿಟ್ಟು ಮುಂದಕ್ಕೆ ಓದ್ಬೇಡಿ. ಜನರೇಟರ್ ಹೊಗೇಲಿ ಕಾರ್ಬನ್ ಮೊನಾಕ್ಸೈಡ್ ಇರತ್ತೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದ್ದವ ಏಳೋದೇ ಇಲ್ಲ. ಮಳೆ ಬಂತು, ಉಪ್ಪುನೀರು ಎರಚ್ತಿದೆ ಅಂತ ಕ್ಯಾಬಿನ್ ಒಳಗೋ ಇಂಜಿನ್ ರೂಮಲ್ಲೋ ಇಡೋದು, ಬಾಗ್ಲು ತೆಗ್ದಿಟ್ಟಿದ್ದೀನಲ್ಲ ಅನ್ನೋದು, ಎರಡೂ ತಪ್ಪು. ಡೆಕ್ ಮೇಲೆ ಇಟ್ರೂ ಹೊಗೆ ಬಾಯಿ ಹೊರಗಡೆ, ಗಾಳಿ ಹೊಗೆಯನ್ನ ಬೋಟಿಂದ ಆಚೆಗೆ ಒಯ್ಯೋ ಕಡೆಗೇ ಮುಖ ಮಾಡಿರ್ಬೇಕು. ಬೋಟು ಮುಂದಕ್ಕೆ ಹೋಗ್ತಿರೋವಾಗ ಹಿಂದುಗಡೆ ಗಾಳಿ ಸುತ್ತಿ ಒಳಕ್ಕೇ ಬರತ್ತೆ ಅನ್ನೋದೂ ನೆನಪಿರ್ಲಿ, ಹಿಂದೆ ಇಟ್ಟಿದ್ದೀನಿ ಅಂದ್ರೆ ಸೇಫ್ ಅಂತ ಅಲ್ಲ. ಕಲಾಸಿಗಳು (ಬೋಟಿನ ಕೆಲಸಗಾರರು) ಮಲಗಿದ್ದಾಗ ಓಡ್ಸಲೇಬೇಡಿ. ಯಾರಿಗಾದ್ರೂ ತಲೆನೋವು, ವಾಂತಿ ಬಂದಂಗೆ, ಮಂಪರು ಅಂತಿದ್ರೆ ಅದನ್ನ ಕಡಲ ವಾಂತಿ ಅಂತ ಬಿಟ್ಬಿಡ್ಬೇಡಿ, ಮೊದ್ಲು ಮಷಿನ್ ಆಫ್ ಮಾಡಿ ಅವರನ್ನ ಗಾಳಿಗೆ ಕರ್ಕೊಂಡು ಬನ್ನಿ.

ಎರಡನೇದು ಪೆಟ್ರೋಲ್. ನಮ್ಮ ಬೋಟುಗಳು ಡೀಸೆಲ್ಲಿಂದ ಓಡೋದ್ರಿಂದ ಬೆಂಕಿ ಬಗ್ಗೆ ನಮಗೆ ಒಂದು ಧೈರ್ಯ ಇದೆ, ಆ ಧೈರ್ಯ ಪೆಟ್ರೋಲಿಗೆ ಆಗಲ್ಲ. ಅದರ ಆವಿ ಗಾಳಿಗಿಂತ ಭಾರ, ಚೆಲ್ಲಿದ್ರೆ ಕೆಳಗಿಳಿದು ಬೋಟಿನ ತಳದಲ್ಲಿ ಕೂತ್ಕೊಳ್ಳತ್ತೆ, ಅಲ್ಲಿ ಪಂಪಿನ ಸ್ವಿಚ್ಚಿಂದ ಒಂದು ಕಿಡಿ ಸಾಕು. ಮಷಿನ್ ಆಫ್ ಮಾಡಿ, ಆರಿದ್ಮೇಲೆ, ಡೆಕ್ ಮೇಲೆ ತುಂಬ್ಸಿ. ಕ್ಯಾನ್ ಒಳಗಡೆ ಇಡ್ಬೇಡಿ.

ಕೈಯಲ್ಲಿ ಇರ್ಬೇಕಾದ್ದು

ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ಹೋಲ್ಡರಿಗೆ ವೈರ್ ಹಾಕಿದ 100 ವ್ಯಾಟಿನ ಹಳೇ ತಂತಿ ಬಲ್ಬು, ಸಾಧ್ಯವಾದ್ರೆ ಒಂದು ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಹಿಡಿದು ಆಂಪ್ಸ್ ಅಳೆಯೋದು). ನಿಯಾನ್ ಟೆಸ್ಟರ್ ಜೇಬಲ್ಲಿ ಇರ್ಲಿ, ಆದ್ರೆ ಬೋಟಲ್ಲಿ ಅದನ್ನ ನಂಬ್ಬೇಡಿ. ಟೆಸ್ಟರ್ ಹತ್ತೋದು ನಿಮ್ಮ ಮೈ ಮೂಲಕ ನೆಲಕ್ಕೆ ಒಂಚೂರು ಕರೆಂಟ್ ಹೋದ್ರೆ, ಫೈಬರ್ ಡೆಕ್ ಮೇಲೆ ರಬ್ಬರ್ ಚಪ್ಪಲಿ ಹಾಕ್ಕೊಂಡು ನಿಂತವನಿಗೆ ಯಾವ ನೆಲ? ಫೇಸಲ್ಲೂ ಮಂಕಾಗಿ ಹತ್ತತ್ತೆ, ನ್ಯೂಟ್ರಲ್ಲಲ್ಲೂ ಹತ್ತತ್ತೆ, ಕೆಲವೊಮ್ಮೆ ಎರಡರಲ್ಲೂ ಹತ್ತಲ್ಲ. ಯಾಕೆ ಅಂತ ಕೆಳಗೆ ಅರ್ತ್ ವಿಷ್ಯಕ್ಕೆ ಬಂದಾಗ ಹೇಳ್ತೀನಿ.

ಮೊದಲ್ನೇ ಹೆಜ್ಜೆ: ಎಲ್ಲಾ ಕಳಚಿ, ಮಷಿನ್ ಒಂದನ್ನೇ ನೋಡಿ

ಬೋಟಿಗೆ ಹೋಗೋ ಪ್ಲಗ್ ಎಳೀರಿ. ಜನರೇಟರ್ ಸ್ಟಾರ್ಟ್ ಮಾಡಿ ಎರಡು ನಿಮಿಷ ಬಿಡಿ, ಆಮೇಲೆ ಅದರ ಸಾಕೆಟಲ್ಲೇ ಮೀಟರ್ ಇಡಿ. 220ರಿಂದ 240 ವೋಲ್ಟ್ ಒಳಗೆ ಬಂದ್ರೆ ಬಲ್ಬ್ ಹಾಕಿ, ಬಲ್ಬ್ ಮಿಣುಕದೆ ಸ್ಥಿರವಾಗಿ ಉರಿದ್ರೆ ನಿಮ್ಮ ಜನರೇಟರ್ ಸರಿ ಇದೆ, ಅದರ ಒಂದು ಸ್ಕ್ರೂ ಕೂಡ ಮುಟ್ಬೇಡಿ, ಸೀದಾ ಕೇಬಲ್ ಕಡೆ ಹೋಗಿ. ಈ ಒಂದು ಅಳತೆ ಅರ್ಧ ದಿನ ಉಳಿಸತ್ತೆ.

ವೋಲ್ಟೇಜ್ ಬರದೇ ಇದ್ರೆ ಮೊದ್ಲು ಅದರ ಮೈ ಮೇಲಿರೋ ಬ್ರೇಕರ್ ನೋಡಿ. ಇನ್ವರ್ಟರ್ ಟೈಪಿನ ಮಷಿನ್ (ಒಳಗಿನ ಎಲೆಕ್ಟ್ರಾನಿಕ್ಸಿಂದ ಕರೆಂಟ್ ಸರಿ ಮಾಡಿ ಕೊಡೋದು) ಆದ್ರೆ ಹಸಿರು ಲೈಟ್ ಇದ್ಯಾ ಕೆಂಪು ಇದ್ಯಾ ನೋಡಿ, ಕೆಂಪು ಓವರ್‌ಲೋಡ್ ಲೈಟ್ ಒಮ್ಮೆ ಹತ್ತಿದ್ರೆ ಲೋಡ್ ತೆಗೆದ್ರೂ ತನ್ನಷ್ಟಕ್ಕೆ ಹೋಗದ ಮಷಿನ್ ತುಂಬ ಇದೆ, ಇಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡ್ಬೇಕು. ಇಂಜಿನ್ ಆರಾಮಾಗಿ ಓಡ್ತಿದೆ, ಕೆಂಪು ಲೈಟಿಗೆ ಕರೆಂಟ್ ನಿಂತಿದೆ, ಇಷ್ಟಕ್ಕೇ "ಮಷಿನ್ ಸುಟ್ಟೋಯ್ತು" ಅಂತ ಹೊಸದು ನೋಡೋಕೆ ಹೊರಟವರನ್ನ ನಾನು ತಡೆದು ನಿಲ್ಸಿದ್ದೀನಿ.

ಹಳೇ ಟೈಪಿನ, ಎವಿಆರ್ (ವೋಲ್ಟೇಜನ್ನ ಒಂದೇ ಸಮ ಇಡೋ ಸರ್ಕ್ಯೂಟ್) ಇರೋ ಮಷಿನ್ ಆದ್ರೆ ಎಷ್ಟು ವೋಲ್ಟ್ ಬರ್ತಿದೆ ಅನ್ನೋದೇ ಸುಳಿವು. ನಾಲ್ಕೈದು ವೋಲ್ಟ್ ಮಾತ್ರ ತೋರಿಸ್ತಿದ್ರೆ ಒಳಗಿನ ರೋಟರಲ್ಲಿ ಅಯಸ್ಕಾಂತದ ಶಕ್ತಿ ಸ್ವಲ್ಪ ಉಳಿದಿದೆ, ಆದ್ರೆ ಎವಿಆರ್ ಅಥವಾ ಕಾರ್ಬನ್ ಬ್ರಷ್ ಕೆಲ್ಸ ಮಾಡ್ತಿಲ್ಲ ಅಂತ ಅರ್ಥ, ಬ್ರಷ್ ಸವೆದಿರತ್ತೆ ಅಥವಾ ಉಪ್ಪುಗಾಳಿಗೆ ಸ್ಲಿಪ್ ರಿಂಗ್ (ಬ್ರಷ್ ತಾಗೋ ಉಂಗುರ) ಕಪ್ಪಾಗಿರತ್ತೆ. ಪೂರ್ತಿ ಸೊನ್ನೆ ತೋರಿಸಿದ್ರೆ ಮಳೆಗಾಲ ಪೂರ್ತಿ ಕೂತು ಆ ಶಕ್ತಿ ಹೋಗಿರ್ಬಹುದು, ಇಲ್ಲ ವೈಂಡಿಂಗ್ ಕಟ್ಟಾಗಿರ್ಬಹುದು. 12 ವೋಲ್ಟ್ ಬ್ಯಾಟ್ರಿಯಿಂದ ಒಂದೆರಡು ಸೆಕೆಂಡ್ ಕೊಟ್ಟು ಅದನ್ನ ಮತ್ತೆ ಎಬ್ಬಿಸೋ ಕ್ರಮ ಇದೆ, ಆದ್ರೆ ಎವಿಆರ್ ವೈರ್ ಕಳಚದೆ, ಪ್ಲಸ್ ಮೈನಸ್ ನೋಡ್ದೆ ಕೊಟ್ರೆ ಇದ್ದ ಎವಿಆರ್ ಕೂಡ ಹೋಗತ್ತೆ, ಗೊತ್ತಿದ್ದವರ ಹತ್ರವೇ ಮಾಡ್ಸಿ.

ವೋಲ್ಟೇಜ್ ಏರಿಳಿತ ಆಗ್ತಿದ್ರೆ ಕಿವಿಗೊಟ್ಟು ಕೇಳಿ. ಇಂಜಿನ್ ಸದ್ದು ಏರ್ತಾ ಇಳೀತಾ ಇದ್ರೆ ಅದು ಕರೆಂಟಿನ ಪ್ರಾಬ್ಲಮ್ ಅಲ್ಲ, ಪೆಟ್ರೋಲಿಂದು. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲ್ ನೀರಿನ ಪಸೆ ಎಳ್ಕೊಳ್ಳತ್ತೆ, ಎರಡು ತಿಂಗ್ಳು ಕಾರ್ಬೊರೇಟರಲ್ಲಿ ನಿಂತ್ರೆ ಜೆಟ್ಟಲ್ಲಿ (ಪೆಟ್ರೋಲ್ ಹೋಗೋ ಸಣ್ಣ ತೂತಲ್ಲಿ) ಅಂಟು ಕಟ್ಟತ್ತೆ. ಸಾಮಾನ್ಯ ಮಷಿನಲ್ಲಿ ಇಂಜಿನ್ 3000 ಸುತ್ತಿಗೆ ಓಡಿದ್ರೆ 50 ಹರ್ಟ್ಜ್, ಸುತ್ತು ಅಲ್ಲಾಡಿದ್ರೆ ಫ್ರೀಕ್ವೆನ್ಸಿ ವೋಲ್ಟೇಜ್ ಎರಡೂ ಅಲ್ಲಾಡತ್ತೆ. ಜೆಟ್ ಕ್ಲೀನ್ ಮಾಡಿ, ಹೊಸ ಪೆಟ್ರೋಲ್ ಹಾಕಿ, ಆಮೇಲೆ ಮತ್ತೆ ಮೀಟರ್ ಇಡಿ.

ದಕ್ಕೇಲಿ ಸರಿ, ಕಡಲಲ್ಲಿ ನಿಲ್ಲತ್ತೆ

ಇದು ನಂಗೇ ಸುಮಾರು ದಿನ ತಲೆ ತಿಂದ ಕೇಸು. ನಮ್ಮ ಭಾವನ ಗಿಲ್‌ನೆಟ್ ಬೋಟಲ್ಲಿ 2 ಕೆವಿಎ ಮಷಿನ್, ದಕ್ಕೇಲಿ ಮೂರು ಗಂಟೆ ಓಡ್ಸಿದ್ರೂ ಒಂದು ತಕರಾರಿಲ್ಲ, ಅಳಿವೆ ದಾಟಿ ಹತ್ತು ನಿಮಿಷಕ್ಕೆ ಟಕ್ ಅಂತ ನಿಲ್ಲೋದು. ಸ್ಪಾರ್ಕ್ ಪ್ಲಗ್ ಬದಲಾಯ್ಸಿದ್ವಿ, ಕಾರ್ಬೊರೇಟರ್ ಕ್ಲೀನ್ ಮಾಡಿದ್ವಿ, ಲೋಡ್ ಕಮ್ಮಿ ಮಾಡಿದ್ವಿ. ಕೊನೆಗೆ ಒಂದಿನ ನಾನೇ ಜೊತೆಗೆ ಹೋಗಿ ಅದರ ಪಕ್ಕ ಕೂತ್ಕೊಂಡೆ. ಬೋಟು ಎಡಕ್ಕೆ ಚೆನ್ನಾಗಿ ವಾಲಿದ ಗಳಿಗೇಲಿ ಮಷಿನ್ ಮೇಲಿನ ಎಣ್ಣೆ ಗುರುತಿನ ಕೆಂಪು ಲೈಟ್ ಒಂದು ಸಲ ಕಣ್ಣು ಮಿಟುಕಿಸ್ದಂಗೆ ಹತ್ತಿ ಆರ್ತು, ಇಂಜಿನ್ ಸತ್ತೋಯ್ತು. ಬೋಟು ನೆಟ್ಟಗಾಯ್ತು, ಹಗ್ಗ ಎಳೆದ್ರೆ ಒಂದೇ ಎಳೆತಕ್ಕೆ ಸ್ಟಾರ್ಟ್.

ಆಗಿದ್ದಿಷ್ಟೇ. ಈ ಮಷಿನ್‌ಗಳ ಕ್ರ್ಯಾಂಕ್‌ಕೇಸಲ್ಲಿ ಎಣ್ಣೆ ಕಮ್ಮಿ ಆದ್ರೆ ಇಂಜಿನ್ ನಿಲ್ಲಿಸೋ ಸೆನ್ಸರ್ ಇರತ್ತೆ. ಚಿಕ್ಕ ಮಷಿನಲ್ಲಿ ಎಣ್ಣೆ ಹಿಡಿಯೋದೇ ಅರ್ಧ ಲೀಟರ್ ಹತ್ರ, ಅದರಲ್ಲಿ ಸ್ವಲ್ಪ ಕಮ್ಮಿ ಇದ್ರೆ ನೆಲದ ಮೇಲೆ ಸಾಕಾಗತ್ತೆ, ಬೋಟು ವಾಲಿದಾಗ ಎಣ್ಣೆ ಒಂದು ಕಡೆ ಓಡಿ ಸೆನ್ಸರ್ ಖಾಲಿ ಬೀಳತ್ತೆ. ಮಾಡ್ಬೇಕಾದ್ದು: ಸಮತಟ್ಟು ಜಾಗದಲ್ಲಿಟ್ಟು ಎಣ್ಣೆಯನ್ನ ತುಂಬೋ ಬಾಯಿಯ ಮೇಲಿನ ಗುರುತಿನವರೆಗೆ ಹಾಕಿ, ಅದಕ್ಕಿಂತ ಜಾಸ್ತಿ ಬೇಡ. ಮಷಿನನ್ನ ಬೋಟಿನ ಮಧ್ಯ ಗೆರೆಗೆ ಹತ್ರ, ಆದಷ್ಟು ತಗ್ಗಲ್ಲಿ, ದಪ್ಪ ರಬ್ಬರ್ ಮ್ಯಾಟ್ ಮೇಲೆ ಕಟ್ಟಿ. ನಾವು ಭಾವನ ಬೋಟಲ್ಲಿ ಮಷಿನನ್ನ ತೊಂಬತ್ತು ಡಿಗ್ರಿ ತಿರುಗಿಸಿ ಕಟ್ಟಿ ನೋಡಿದ್ವಿ, ಎಣ್ಣೆ ಮೇಲಿನ ಗುರುತಿಗೆ ತಂದ್ವಿ, ಆಮೇಲೆ ನಿಂತಿಲ್ಲ. ಕೆಲವರು ಆ ಸೆನ್ಸರ್ ವೈರನ್ನೇ ಕಟ್ ಮಾಡಿ ಬಿಡ್ತಾರೆ, ಹಂಗೆ ಮಾಡ್ಬೇಡಿ, ನಿಜವಾಗ್ಲೂ ಎಣ್ಣೆ ಖಾಲಿ ಆದ ದಿನ ಇಂಜಿನ್ ಹಿಡ್ಕೊಂಡು ಕೂತ್ಬಿಡತ್ತೆ. ಕಡಲು ತೀರಾ ಜೋರಿದ್ದಾಗ ಓಡ್ಸಲೇಬೇಡಿ, ಈ ಮಷಿನ್ ಮಾಡಿರೋದೇ ಸಮತಟ್ಟು ನೆಲಕ್ಕೆ.

ನಿಲ್ಲೋ ರೀತೀಲೇ ವ್ಯತ್ಯಾಸ ಗೊತ್ತಾಗತ್ತೆ. ಸ್ವಿಚ್ ಆಫ್ ಮಾಡಿದಂಗೆ ಟಕ್ ಅಂತ ನಿಂತ್ರೆ ಎಣ್ಣೆ ಸೆನ್ಸರ್ ಅಥವಾ ಸ್ಪಾರ್ಕ್ ಪ್ಲಗ್ ಕಾಯಿಲ್ ಕಡೆ ನೋಡಿ. ಒಂದೆರಡು ಸಲ ಉಸಿರು ಕಟ್ಟಿದಂಗೆ ಸದ್ದು ಕುಗ್ಗಿ, ಎದ್ದು, ಕುಗ್ಗಿ ನಿಂತ್ರೆ ಪೆಟ್ರೋಲ್ ಕಡೆ. ಪೆಟ್ರೋಲ್ ಕಡೆ ಅಂದ್ರೆ ಮೊದ್ಲು ಟ್ಯಾಂಕಿನ ಮುಚ್ಚಳ ನೋಡಿ. ತುಂಬ ಮಷಿನಲ್ಲಿ ಮುಚ್ಚಳದ ಮೇಲೆ ಗಾಳಿ ಹೋಗೋಕೆ ಒಂದು ತಿರುಗಣೆ ಇರತ್ತೆ, ಸಾಗಿಸೋವಾಗ ಚೆಲ್ಲಬಾರ್ದು ಅಂತ ಅದನ್ನ ಮುಚ್ತಾರೆ, ಓಡ್ಸೋವಾಗ ತೆರೆಯೋಕೆ ಮರೀತಾರೆ. ಸ್ವಲ್ಪ ಹೊತ್ತು ಚೆನ್ನಾಗೇ ಓಡತ್ತೆ, ಆಮೇಲೆ ಟ್ಯಾಂಕಲ್ಲಿ ಗಾಳಿ ಇಲ್ದೆ ಪೆಟ್ರೋಲ್ ಇಳಿಯಲ್ಲ. ನಿಂತ ತಕ್ಷಣ ಮುಚ್ಚಳ ಸಡಿಲ ಮಾಡಿದಾಗ ಉಸ್ ಅಂತ ಗಾಳಿ ಎಳ್ಕೊಂಡ್ರೆ ಅದೇ ಕಾರಣ.

ಎರಡನೇ ಹೆಜ್ಜೆ: ಪ್ಲಗ್ಗು, ಕೇಬಲ್ಲು

ಜನರೇಟರ್ ಸಾಕೆಟಲ್ಲಿ 230 ಇದೆ, ಬೋಟಿನ ಬೋರ್ಡಲ್ಲಿ ಇಲ್ಲ ಅಥವಾ ಲೋಡ್ ಹಾಕಿದ್ರೆ ಬೀಳತ್ತೆ. ಬಲ್ಬ್ ಬೋರ್ಡ್ ಹತ್ರ ತಂದು ಹಾಕಿ, ಮೀಟರ್ ಇಟ್ಟು ನೋಡಿ, ಆಮೇಲೆ ಒಂದು ದೊಡ್ಡ ಲೋಡ್ ಹಾಕಿ ಮತ್ತೆ ನೋಡಿ. ಖಾಲಿ ಇದ್ದಾಗ 230, ಲೋಡ್ ಹಾಕಿದಾಗ ಜನರೇಟರ್ ತುದೀಲಿ 226, ಬೋಟ್ ತುದೀಲಿ 205 ಅಂದ್ರೆ ಆ 21 ವೋಲ್ಟ್ ಕೇಬಲ್ಲಲ್ಲೇ ಸುಟ್ಟು ಹೋಗ್ತಿದೆ, ಎಲ್ಲೋ ಒಂದು ಜಾಯಿಂಟ್ ಬಿಸಿ ಆಗ್ತಿದೆ. ಲೋಡ್ ತೆಗೆದು, ಮಷಿನ್ ಆಫ್ ಮಾಡಿ, ಕೇಬಲ್ ಉದ್ದಕ್ಕೂ ಕೈ ಆಡ್ಸಿ, ಬಿಸಿ ಇರೋ ಜಾಗ ಕೈಗೇ ಸಿಗತ್ತೆ.

ಲೆಕ್ಕ ನೋಡಿ. 2.5 ಸ್ಕ್ವೇರ್ ಎಂಎಂ ತಾಮ್ರದ ವೈರು 30 ಮೀಟರ್ ಹಾಕಿದ್ರೆ ಹೋಗಿ ಬರೋ ದಾರಿ 60 ಮೀಟರ್, 10 ಆಂಪ್ಸಿಗೆ ಸುಮಾರು ನಾಲ್ಕೂವರೆ ವೋಲ್ಟ್ ಬೀಳತ್ತೆ, ಅಡ್ಡಿಲ್ಲ. ಅದೇ ಜಾಗಕ್ಕೆ ಅಂಗಡೀಲಿ ಸಿಗೋ 0.75ರ ತೆಳು ವೈರಿನ ಎಕ್ಸ್‌ಟೆನ್ಶನ್ ಬಾಕ್ಸ್ ಹಾಕಿದ್ರೆ 15 ವೋಲ್ಟ್ ಬೀಳತ್ತೆ, ವೈರೂ ಬಿಸಿ ಆಗತ್ತೆ, ಮೋಟಾರ್ ಸ್ಟಾರ್ಟ್ ಆಗೋವಾಗ ಕರೆಂಟ್ ನಾಲ್ಕೈದು ಪಟ್ಟು ಎಳಿಯೋದ್ರಿಂದ ಆ ಹೊತ್ತಿಗೆ ಇನ್ನೂ ಬೀಳತ್ತೆ. ಸುತ್ತಿಟ್ಟ ಕೇಬಲ್ಲನ್ನ ಬಿಡಿಸ್ದೆ ಹಂಗೇ ಓಡ್ಸೋದೂ ಬೇಡ, ಸುತ್ತಿನ ಒಳಗೆ ಬಿಸಿ ಹೋಗೋಕೆ ದಾರಿ ಇಲ್ದೆ ಕರಗತ್ತೆ.

ಕಡಲಲ್ಲಿ ಜಾಯಿಂಟ್ ಕೆಡೋದು ಹೊರಗಿಂದ ಕಾಣಲ್ಲ. ಒಂದು ಬೋಟಲ್ಲಿ ಮೂರು ಪಿನ್ನಿನ ಪ್ಲಗ್ ಬಿಚ್ಚಿದೆ, ಸ್ಕ್ರೂ ಟೈಟಾಗೇ ಇತ್ತು, ವೈರಿನ ಎಳೆ ಮಾತ್ರ ಕಪ್ಪು. ಒಂದಿಂಚು ಕಟ್ ಮಾಡಿ ಹೊಸದಾಗಿ ಸುಲಿದೆ, ಒಳಗೆ ಹಸಿರು ಪುಡಿ. ಇನ್ನೊಂದಿಂಚು, ಅಲ್ಲೂ ಹಸಿರು. ಹಂಗೇ ಒಂದಡಿ ಹೋದ್ಮೇಲೆ ಹೊಳೆಯೋ ತಾಮ್ರ ಸಿಕ್ತು. ಉಪ್ಪುನೀರು ಎಳೆಗಳ ಮಧ್ಯದ ಸಂದಿಯಿಂದ ಬತ್ತಿಗೆ ಎಣ್ಣೆ ಏರಿದಂಗೆ ಏರಿರತ್ತೆ. ಅದಕ್ಕೆ ಹಾಳಾದ ತುದಿಗೆ ಟೇಪ್ ಸುತ್ತೋದ್ರಿಂದ ಏನೂ ಆಗಲ್ಲ, ಹೊಳೆಯೋ ತಾಮ್ರ ಸಿಗೋವರೆಗೆ ಕಟ್ ಮಾಡಿ, ಲಗ್ ಹಾಕಿ ಚೆನ್ನಾಗಿ ಕ್ರಿಂಪ್ ಮಾಡಿ, ಅದರ ಮೇಲೆ ಒಳಗೆ ಅಂಟು ಇರೋ ಹೀಟ್ ಶ್ರಿಂಕ್ ಸ್ಲೀವ್ ಹಾಕಿ ಮುಚ್ಚಿ. ಹೊಸದಾಗಿ ವೈರ್ ಎಳೀತಿದ್ರೆ ತವರ ಬಳಿದ ತಾಮ್ರದ ವೈರ್ ಸಿಕ್ಕಿದ್ರೆ ದುಡ್ಡು ಜಾಸ್ತಿ ಆದ್ರೂ ಅದನ್ನೇ ತಗೊಳ್ಳಿ.

ಮೂರನೇ ಹೆಜ್ಜೆ: ನಿಜವಾಗ್ಲೂ ಓವರ್‌ಲೋಡಾ?

"40 ಆಂಪ್ಸ್ ಚಾರ್ಜರ್ ಅಷ್ಟೇ, 12 ವೋಲ್ಟಿಂದು, 500 ವ್ಯಾಟ್ ಕೂಡ ಇಲ್ಲ, 1 ಕೆವಿಎ ಮಷಿನ್ ಯಾಕೆ ಎತ್ತಲ್ಲ" ಅಂತ ಕೇಳ್ತಾರೆ. ಚಾರ್ಜ್ ಮಾಡೋವಾಗ ವೋಲ್ಟೇಜ್ 14 ಹತ್ರ ಇರತ್ತೆ, ಅಂದ್ರೆ ಬ್ಯಾಟ್ರಿಗೆ ಹೋಗೋದೇ 560 ವ್ಯಾಟ್. ಚಾರ್ಜರ್ ಒಳಗೆ ಸ್ವಲ್ಪ ಬಿಸಿಯಾಗಿ ಹೋಗತ್ತೆ, 80 ಪರ್ಸೆಂಟ್ ಲೆಕ್ಕ ಹಾಕಿದ್ರೆ ಜನರೇಟರಿಂದ 700 ವ್ಯಾಟ್ ಬೇಕು. ಸಾದಾ ಚಾರ್ಜರ್‌ಗಳ ಪವರ್ ಫ್ಯಾಕ್ಟರ್ (ಎಳೆಯೋ ವಿಎಯಲ್ಲಿ ನಿಜವಾಗಿ ಕೆಲ್ಸಕ್ಕೆ ಬರೋ ವ್ಯಾಟಿನ ಪಾಲು) 0.65 ಆಸುಪಾಸು ಇರೋದ್ರಿಂದ ಜನರೇಟರಿಗೆ ಅದು 1070 ವಿಎ ಹತ್ರದ ಲೋಡ್. ನಿಮ್ಮ 1 ಕೆವಿಎ ಮುಗೀತು. ಬ್ಯಾಟ್ರಿ ಖಾಲಿ ಇದ್ದಾಗ ಚಾರ್ಜರ್ ಪೂರ್ತಿ ಎಳೆಯತ್ತೆ, ಅದಕ್ಕೇ ಬೇಕಾದಾಗಲೇ ಟ್ರಿಪ್ ಆಗೋದು, ತುಂಬಿದ ಬ್ಯಾಟ್ರಿಗೆ ಹಾಕಿ ಟೆಸ್ಟ್ ಮಾಡಿದ್ರೆ ಎಲ್ಲಾ ಸರಿ ಕಾಣತ್ತೆ. ಚಾರ್ಜರಲ್ಲಿ ಕರೆಂಟ್ ಕಮ್ಮಿ ಮಾಡೋ ಸ್ವಿಚ್ ಇದ್ರೆ 20ಕ್ಕೆ ಇಳಿಸಿ.

ಮೋಟಾರ್ ಇರೋದಕ್ಕೆ ಬೇರೆ ಲೆಕ್ಕ. ಅರ್ಧ ಎಚ್‌ಪಿ ಪಂಪು, ಸಣ್ಣ ಫ್ರಿಜ್ಜು ಓಡೋವಾಗ ಕಮ್ಮಿ, ಸ್ಟಾರ್ಟಿಂಗಲ್ಲಿ ಜಾಸ್ತಿ. ಇಕೋ ಮೋಡ್ ಆನ್ ಇದ್ರೆ ಇಂಜಿನ್ ನಿಧಾನ ಓಡ್ತಿರತ್ತೆ, ದಿಢೀರಂತ ಮೋಟಾರ್ ಬಂದಾಗ ಏರೋಕೆ ಹೊತ್ತು ಸಾಲಲ್ಲ, ಕುಸಿಯತ್ತೆ. ಮೊದ್ಲು ಇಕೋ ಆಫ್ ಮಾಡಿ, ಮೋಟಾರ್ ಸ್ಟಾರ್ಟ್ ಮಾಡಿ, ಆಮೇಲೆ ಚಾರ್ಜರ್ ಲೈಟು ಒಂದೊಂದೇ ಹಾಕಿ. ವೆಲ್ಡಿಂಗ್ ಈ ಸೈಜಿನ ಮಷಿನಲ್ಲಿ ಆಗಲ್ಲ.

ನಾಲ್ಕನೇ ಹೆಜ್ಜೆ: ಅರ್ತ್ ಮತ್ತೆ ನ್ಯೂಟ್ರಲ್, ಇದನ್ನ ನಿಧಾನವಾಗಿ ಓದಿ

ಮನೇಲಿ ನ್ಯೂಟ್ರಲ್ ಟ್ರಾನ್ಸ್‌ಫಾರ್ಮರ್ ಹತ್ರ ಭೂಮಿಗೆ ಕಟ್ಟಿರತ್ತೆ, ಅದಕ್ಕೇ ನ್ಯೂಟ್ರಲ್ ಮುಟ್ಟಿದ್ರೆ ಟೆಸ್ಟರ್ ಹತ್ತಲ್ಲ. ಚಿಕ್ಕ ಪೋರ್ಟಬಲ್ ಜನರೇಟರ್‌ಗಳಲ್ಲಿ, ಅದರಲ್ಲೂ ಇನ್ವರ್ಟರ್ ಟೈಪಲ್ಲಿ, ತುಂಬದರಲ್ಲಿ ನ್ಯೂಟ್ರಲ್ ಯಾವುದಕ್ಕೂ ಕಟ್ಟಿರಲ್ಲ, ಎರಡು ವೈರೂ ತೇಲ್ತಾ ಇರತ್ತೆ. ಮೀಟರಲ್ಲಿ ಫೇಸಿಂದ ನ್ಯೂಟ್ರಲ್ಲಿಗೆ 230 ಸರಿಯಾಗೇ ಇರತ್ತೆ, ಆದ್ರೆ ಫೇಸಿಂದ ಬಾಡಿಗೆ 110 ಆಸುಪಾಸು, ನ್ಯೂಟ್ರಲ್ಲಿಂದ ಬಾಡಿಗೂ 110 ಆಸುಪಾಸು. ಇದನ್ನ ನೋಡಿ "ನ್ಯೂಟ್ರಲ್ಲಲ್ಲಿ ಕರೆಂಟ್ ಬರ್ತಿದೆ, ಶಾರ್ಟ್ ಆಗಿದೆ" ಅಂತ ಇಡೀ ಬೋಟಿನ ವೈರಿಂಗ್ ಕಿತ್ತವರಿದ್ದಾರೆ. ಅದು ಫಾಲ್ಟ್ ಅಲ್ಲ, ಆ ಮಷಿನ್ ಇರೋದೇ ಹಂಗೆ. ಬೋರ್ಡಲ್ಲಿ ಉಲ್ಟಾ ಕನೆಕ್ಷನ್ ತೋರಿಸೋ ಲೈಟ್ ಹತ್ತೋದೂ ಇದೇ ಕಾರಣಕ್ಕೆ ಆಗಿರ್ಬಹುದು.

ಹಾಗಂತ ಬಿಟ್ಬಿಡಿ ಅಂತ ಹೇಳ್ತಿಲ್ಲ. ಒಂದೇ ಮಷಿನಿಗೆ ಒಂದೇ ಡ್ರಿಲ್ ನೇರವಾಗಿ ಹಾಕ್ಕೊಂಡು ಕೆಲ್ಸ ಮಾಡೋವಾಗ ತೇಲೋ ನ್ಯೂಟ್ರಲ್ ಒಂದು ರೀತಿ ರಕ್ಷಣೆನೇ, ಒಂದು ವೈರ್ ಮುಟ್ಟಿದ್ರೆ ಕರೆಂಟಿಗೆ ವಾಪಸ್ ಹೋಗೋ ದಾರಿ ಇಲ್ಲ. ಆದ್ರೆ ಇಡೀ ಬೋಟಿಗೆ ಕೊಟ್ಟಾಗ ವಿಷ್ಯ ಬದಲಾಗತ್ತೆ. ಒದ್ದೆ ಜಾಯಿಂಟಲ್ಲಿ ಒಂದು ವೈರ್ ಬಾಡಿಗೆ ತಾಗ್ಕೊಂಡ್ರೆ ಏನೂ ಟ್ರಿಪ್ ಆಗಲ್ಲ, ಯಾರಿಗೂ ಗೊತ್ತಾಗಲ್ಲ. ಆ ಫಾಲ್ಟ್ ಸದ್ದಿಲ್ದೆ ಕೂತಿರತ್ತೆ. ಇನ್ನೊಂದು ದಿನ ಇನ್ನೊಂದು ವೈರನ್ನ ಒದ್ದೆ ಕೈಯಲ್ಲಿ ಮುಟ್ಟಿದವನಿಗೆ ಪೂರ್ತಿ 230 ಹೊಡಿಯತ್ತೆ. ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ಲೈನ್ ಕಟ್ ಮಾಡೋ ಸ್ವಿಚ್) ಇದ್ಯಲ್ಲ, ಟೆಸ್ಟ್ ಬಟನ್ ಒತ್ತಿದ್ರೆ ಬೀಳತ್ತಲ್ಲ ಅಂತೀರಾ? ಆ ಬಟನ್ ಫೇಸ್ ನ್ಯೂಟ್ರಲ್ ಮಧ್ಯೆನೇ ಸುತ್ತಿಸಿ ಬೀಳಿಸತ್ತೆ, ಅರ್ತ್ ಇಲ್ದಿದ್ರೂ ಬೀಳತ್ತೆ. ಬಟನ್ ಕೆಲ್ಸ ಮಾಡ್ತು ಅಂದ್ರೆ ಆರ್‌ಸಿಸಿಬಿ ಸರಿ ಇದೆ ಅಂತ ಅಷ್ಟೇ, ನಿಮ್ಮನ್ನ ಕಾಪಾಡತ್ತೆ ಅಂತ ಅಲ್ಲ.

ನೋಡೋ ಕ್ರಮ ಹೀಗೆ. ಮಷಿನ್ ಆಫ್ ಮಾಡಿ, ಎಲ್ಲಾ ಕಳಚಿ, ಜನರೇಟರ್ ಸಾಕೆಟ್ಟಿನ ಅರ್ತ್ ಪಿನ್ನಿಗೂ ಎರಡು ಪವರ್ ಪಿನ್ನಿಗೂ ಕಂಟಿನ್ಯುಟಿ ನೋಡಿ. ಒಂದಕ್ಕೆ ಬೀಪ್ ಬಂದ್ರೆ ನ್ಯೂಟ್ರಲ್ ಒಳಗೇ ಕಟ್ಟಿದ್ದಾರೆ, ಬೀಪ್ ಇಲ್ಲ ಅಂದ್ರೆ ತೇಲ್ತಿದೆ. ತೇಲ್ತಿದ್ರೆ, ಇಡೀ ಬೋಟಿಗೆ ಕೊಡೋ ಹಾಗಿದ್ರೆ, ಜನರೇಟರ್ ಕಡೆ ಬಾಕ್ಸಲ್ಲಿ ಒಂದೇ ಒಂದು ಜಾಗದಲ್ಲಿ ನ್ಯೂಟ್ರಲ್ಲನ್ನ ಅರ್ತಿಗೆ ಕಟ್ಟಿ, ಅದಾದ್ಮೇಲೆ 30 ಮಿಲಿಆಂಪ್ಸಿನ ಆರ್‌ಸಿಸಿಬಿ ಹಾಕಿ, ಅರ್ತನ್ನ ಬೋಟಿನ ಕಾಮನ್ ಅರ್ತಿಗೆ ಸೇರಿಸಿ, ಸ್ಟೀಲ್ ಬೋಟಲ್ಲಿ ಅದು ಬೋಟಿನ ಮೈಯೇ, ಮರ ಫೈಬರಲ್ಲಿ ಇಂಜಿನ್ ಬ್ಲಾಕ್. ಮಷಿನ್ ಜೊತೆ ಬಂದ ಪುಸ್ತಕದಲ್ಲಿ ಇದಕ್ಕೆ ಒಪ್ಪಿಗೆ ಇದ್ಯಾ ನೋಡ್ಕೊಳ್ಳಿ. ಮೊದ್ಲೇ ಒಳಗೆ ಕಟ್ಟಿರೋ ಮಷಿನಿಗೆ ಬೋಟಲ್ಲೂ ಇನ್ನೊಂದು ಕಡೆ ಕಟ್ಟಿದ್ರೆ ಕರೆಂಟ್ ಎರಡು ದಾರೀಲಿ ವಾಪಸ್ ಬಂದು ಜನರೇಟರಿನ ಆರ್‌ಸಿಸಿಬಿ ಸುಮ್ಸುಮ್ನೆ ಬೀಳತ್ತೆ, ಲೋಡ್ ಇಲ್ದಿದ್ರೆ ಬೀಳದೆ ಹಂಗೇ ಇರತ್ತೆ, ಲೋಡ್ ಹಾಕಿದ ತಕ್ಷಣ ಬೀಳತ್ತೆ. ಹಂಗಾಗ್ತಿದ್ರೆ ಹುಡುಕ್ಬೇಕಾದ್ದು ಆ ಎರಡನೇ ಕಟ್ಟನ್ನ. ಈ ಒಂದು ಕೆಲ್ಸ ಗೊತ್ತಿರೋ ಎಲೆಕ್ಟ್ರಿಷಿಯನ್ ಹತ್ರ ಮಾಡ್ಸಿ, ಮನೆ ವೈರಿಂಗ್ ಮಾಡೋ ಹುಡುಗ ಅಲ್ಲ, ಬೋಟಲ್ಲಿ ಕೆಲ್ಸ ಮಾಡಿದವ.

ನ್ಯೂಟ್ರಲ್, ಅರ್ತ್ ಎರಡೂ ಸರಿ ಇದ್ದು ಆರ್‌ಸಿಸಿಬಿ ಬೀಳ್ತಿದ್ರೆ ನಿಜವಾದ ಲೀಕೇಜ್ ಇದೆ. ಎಲ್ಲಾ ಎಂಸಿಬಿ ಆಫ್ ಮಾಡಿ, ಒಂದೊಂದೇ ಹಾಕಿ, ಯಾವುದಕ್ಕೆ ಬೀಳತ್ತೋ ಆ ಲೈನ್ ಹಿಡೀರಿ. ಆ ಲೈನಿಂದ ಚಾರ್ಜರ್ ಟಿವಿ ಎಲ್ಲಾ ತೆಗೆದು 500 ವೋಲ್ಟ್ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯೋ ಮೀಟರ್) ಹಾಕಿದ್ರೆ 1 ಮೆಗಾ ಓಮಿಗಿಂತ ಮೇಲೆ ಇರ್ಲೇಬೇಕು. ನನಗೆ ಜಾಸ್ತಿ ಸಿಗೋದು ಡೆಕ್ ಲೈಟಿನ ಹೋಲ್ಡರಲ್ಲಿ ನಿಂತ ನೀರು.

ಎರಡು ಕಡೆಯಿಂದ ಕರೆಂಟ್

ಬೋಟಲ್ಲಿ ಬ್ಯಾಟ್ರಿ ಇನ್ವರ್ಟರ್ ಇದೆ, ಜನರೇಟರೂ ಇದೆ, ದಕ್ಕೇಲಿ ದಡದ ಕರೆಂಟೂ ಇದೆ ಅಂದ್ರೆ ಮಧ್ಯದಲ್ಲಿ ಚೇಂಜೋವರ್ ಸ್ವಿಚ್ (ಒಂದು ಸಲಕ್ಕೆ ಒಂದೇ ಕಡೆಯಿಂದ ಕರೆಂಟ್ ಬಿಡೋದು) ಇರ್ಲೇಬೇಕು, ಅದೂ ಫೇಸ್ ನ್ಯೂಟ್ರಲ್ ಎರಡನ್ನೂ ಬದಲಾಯ್ಸೋದು, ಮಧ್ಯದಲ್ಲಿ ಸೊನ್ನೆ ಅಂದ್ರೆ ಆಫ್ ಜಾಗ ಇರೋದು. ಎರಡೂ ಕಡೆ ಪಿನ್ ಇರೋ ಪ್ಲಗ್ ವೈರ್ ಮಾಡಿ ಸಾಕೆಟಿಗೆ ಉಲ್ಟಾ ಕರೆಂಟ್ ಕೊಡೋದನ್ನ ನೋಡಿದ್ದೀನಿ, ಆ ವೈರ್ ಕಂಡ್ರೆ ಕಟ್ ಮಾಡಿ ಬಿಸಾಕಿ. ಇನ್ನೊಂದು ಸಿಗೋದು: ಇನ್ವರ್ಟರ್ ಔಟ್‌ಪುಟ್ಟಿಂದ ಚಾರ್ಜರ್ ಓಡ್ತಿರತ್ತೆ, ಚಾರ್ಜರ್ ಅದೇ ಬ್ಯಾಟ್ರಿಗೆ ತುಂಬ್ತಿರತ್ತೆ. ಲೈಟ್ ಎಲ್ಲಾ ಹತ್ತಿದೆ, ಚಾರ್ಜರ್ ಲೈಟೂ ಹತ್ತಿದೆ, ಬೆಳಿಗ್ಗೆ ನೋಡಿದ್ರೆ ಬ್ಯಾಟ್ರಿ ಇಲ್ಲ. ಚಾರ್ಜರ್ ಸಾಕೆಟನ್ನ ಜನರೇಟರ್ ಲೈನಿಗೆ ಮಾತ್ರ ಕೊಡಿ.

ಬ್ಯಾಟ್ರಿ ಕಡೆ

230 ಎಲ್ಲಾ ಸರಿ ಇದ್ದು ಬ್ಯಾಟ್ರಿ ಏರ್ತಿಲ್ಲ ಅಂದ್ರೆ ಚಾರ್ಜರ್ ತುದೀಲಿ ಒಂದು ಅಳತೆ, ಬ್ಯಾಟ್ರಿ ಟರ್ಮಿನಲ್ಲಲ್ಲಿ ಒಂದು ಅಳತೆ ತಗೊಳ್ಳಿ. ಚಾರ್ಜರಲ್ಲಿ 14.3, ಬ್ಯಾಟ್ರೀಲಿ 13.1 ಅಂದ್ರೆ ಮಧ್ಯದ ವೈರ್ ಸಾಲ್ತಿಲ್ಲ ಅಥವಾ ಟರ್ಮಿನಲ್ ಬಿಳಿ ಹೂವು ಕಟ್ಟಿದೆ. 12 ವೋಲ್ಟಲ್ಲಿ ಒಂದು ವೋಲ್ಟ್ ಅಂದ್ರೆ ದೊಡ್ಡದು, 2.5ರ ವೈರಲ್ಲಿ ಹೋಗಿ ಬರೋದು ಸೇರಿ 10 ಮೀಟರ್ ಇದ್ರೂ 20 ಆಂಪ್ಸಿಗೆ ಒಂದೂವರೆ ವೋಲ್ಟ್ ಹೋಗತ್ತೆ. ಚಾರ್ಜ್ ತೆಗೆದು ಒಂದೆರಡು ಗಂಟೆ ಬಿಟ್ಟು ನೋಡಿದಾಗ 12.6 ಇದ್ರೆ ತುಂಬಿದೆ, 12.1 ಅಂದ್ರೆ ಅರ್ಧ. 10.5 ಹತ್ರ ನಿಂತು ಅಲ್ಲಾಡ್ತಿಲ್ಲ ಅಂದ್ರೆ ಆರು ಸೆಲ್ಲಲ್ಲಿ ಒಂದು ಸತ್ತಿದೆ, ಯಾವ ಜನರೇಟರೂ ಅದನ್ನ ಎಬ್ಬಿಸಲ್ಲ.

ಜನರೇಟರಲ್ಲೇ ಇರೋ 12 ವೋಲ್ಟ್ ಸಾಕೆಟಿಂದ ಬೋಟಿನ ಬ್ಯಾಟ್ರಿ ತುಂಬ್ಸೋಕೆ ಹೋಗ್ಬೇಡಿ. ಅದು ಎಂಟು ಆಂಪ್ಸ್ ಆಸುಪಾಸು, ಅರ್ಧ ಖಾಲಿ ಆದ 150 ಎಎಚ್ ಬ್ಯಾಟ್ರಿಗೆ ಹತ್ತು ಗಂಟೆ ಓಡ್ಸಿದ್ರೂ ಪೂರ್ತಿ ಆಗಲ್ಲ, ತುಂಬಿದ್ಮೇಲೆ ತಾನೇ ನಿಲ್ಲೋ ವ್ಯವಸ್ಥೆನೂ ಹೆಚ್ಚಿನವಕ್ಕೆ ಇರಲ್ಲ. ಚಾರ್ಜ್ ಆಗೋವಾಗ ಬ್ಯಾಟ್ರಿಯಿಂದ ಹೈಡ್ರೋಜನ್ ಬರತ್ತೆ, ಬ್ಯಾಟ್ರಿ ಪೆಟ್ಟಿಗೆ ಬಾಗ್ಲು ತೆಗ್ದಿಡಿ, ಬೀಡಿ ದೂರ. ಕ್ಲಿಪ್ ಹಾಕೋದು ತೆಗಿಯೋದು ಚಾರ್ಜರ್ ಆಫ್ ಇದ್ದಾಗಲೇ.

ವೈರ್‌ಲೆಸ್ಸಲ್ಲಿ ಮಾತಾಡೋಕೆ ಬಟನ್ ಒತ್ತಿದ ತಕ್ಷಣ ಸೆಟ್ ಆಫ್ ಆಗಿ ಆನ್ ಆಗ್ತಿದ್ರೆ ಸೆಟ್ ರಿಪೇರಿಗೆ ಕಳಿಸ್ಬೇಡಿ. 25 ವ್ಯಾಟಲ್ಲಿ ಕಳಿಸೋವಾಗ ಅದು ಐದಾರು ಆಂಪ್ಸ್ ಎಳಿಯತ್ತೆ. ಸೆಟ್ಟಿನ ಹಿಂದೆ ಮೀಟರ್ ಇಟ್ಟು ಬಟನ್ ಒತ್ತಿ, ಬ್ಯಾಟ್ರೀಲಿ 12.4 ಇದ್ದು ಅಲ್ಲಿ 10.8ಕ್ಕೆ ಬಿದ್ರೆ ಹೆಚ್ಚಾಗಿ ಫ್ಯೂಸ್ ಹೋಲ್ಡರ್ ಕೊಳೆತಿರತ್ತೆ. ಜನರೇಟರ್ ಓಡೋವಾಗ ಮಾತ್ರ ಗರಗರ ಸದ್ದು, ಫಿಶ್ ಫೈಂಡರ್ ಸ್ಕ್ರೀನಲ್ಲಿ ಗೆರೆ ಬರ್ತಿದ್ರೆ ಚಾರ್ಜರ್ ಆಫ್ ಮಾಡಿ ನೋಡಿ, ಹೋದ್ರೆ ಅದೇ ಕಾರಣ, ಚಾರ್ಜರ್ ವೈರನ್ನ ಆಂಟೆನಾ ವೈರಿಂದ ದೂರ ಎಳೀರಿ, ಫೆರೈಟ್ ಉಂಗುರ ಹಾಕಿ.

ಕಡಲಲ್ಲಿ ಎಲ್ಲಾ ಹೋಗಿ ಡೈನಮೋ ಕೂಡ ಇಲ್ಲ ಅನ್ನೋ ಸ್ಥಿತಿ ಬಂದ್ರೆ ಕತ್ತಲಾಗೋವರೆಗೆ ರಿಪೇರಿ ಮಾಡ್ತಾ ಕೂತ್ಕೊಳ್ಬೇಡಿ. ಉಳಿದ ಬ್ಯಾಟ್ರಿಯನ್ನ ವೈರ್‌ಲೆಸ್ಸಿಗೆ ಮಾತ್ರ ಬಿಡಿ, ಬಾಕಿ ಎಲ್ಲಾ ಆಫ್. ಚಾನೆಲ್ 16ರಲ್ಲಿ ಹೇಳಿ, ಮೊಬೈಲ್ ಸಿಗ್ನಲ್ ಇದ್ರೆ ಕೋಸ್ಟ್ ಗಾರ್ಡಿನ 1554ಕ್ಕೆ ಫೋನ್ ಮಾಡಿ. ಕೈಯಲ್ಲಿ ಹಿಡಿಯೋ ಒಂದು ವಿಎಚ್‌ಎಫ್ ಸೆಟ್ ಚಾರ್ಜ್ ಮಾಡಿ ಒಣ ಡಬ್ಬೀಲಿ ಇಟ್ಟಿರಿ.

ಮೇ ಕೊನೇಲಿ ಮಷಿನ್ ಇಳಿಸೋವಾಗ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರ್ ಕೆಳಗಿನ ಸ್ಕ್ರೂ ಬಿಚ್ಚಿ ಅದರಲ್ಲಿರೋದನ್ನೂ ಇಳಿಸಿ, ಹೊರಮೈಯನ್ನ ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೇಲಿ ಒರೆಸಿ, ಸಾಕೆಟ್ ಒಳಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೀರಿ. ಗೋಣಿಚೀಲ ಹೊದಿಸ್ಬೇಡಿ, ಅದು ಪಸೆ ಹಿಡ್ಕೊಳ್ಳತ್ತೆ, ಒಣಗಿದ ಜಾಗದಲ್ಲಿ ಮಣೆ ಮೇಲಿಟ್ಟು ತೆಳು ಬಟ್ಟೆ ಸಾಕು. ಜುಲೈ ಮಧ್ಯದಲ್ಲಿ ಒಂದು ಸಲ ಹೊಸ ಪೆಟ್ರೋಲ್ ಹಾಕಿ, ಹೊರಗಡೆ ಇಟ್ಟು, 100 ವ್ಯಾಟಿನ ಬಲ್ಬ್ ಸಾಲಲ್ಲ, ಮಷಿನ್ ಎತ್ತೋದರ ಅರ್ಧದಷ್ಟಾದ್ರೂ ಲೋಡ್ ಹಾಕಿ ಅರ್ಧ ಗಂಟೆ ಓಡ್ಸಿ ನೋಡಿ. ಏನಾದ್ರೂ ಕೆಟ್ಟಿದ್ರೆ ಬೋಟು ನೀರಿಗಿಳಿಯೋಕೆ ಎರಡು ವಾರ ಇರೋವಾಗಲೇ ಗೊತ್ತಾಗತ್ತೆ, ಆಗ ಫೋನ್ ಮಾಡಿದ್ರೆ ನನಗೂ ಬಂದು ನೋಡೋಕೆ ಟೈಮ್ ಇರತ್ತೆ.